ಅಣ್ಣನ ಲೋಟಕ್ಕೆ ಹಾಕಿದ ಜೇನು

ಮೊನ್ನೆ ಬೆಳಿಗ್ಗೆ ಅಣ್ಣನ ಮಗಳು ಕುಶಾಲನಗರದಿಂದ ನನ್ನನ್ನು ನೋಡಲು ಬಂದಿದ್ದಳು. ಚೀಲದಿಂದ ಒಂದು ಜೇನಿನ ಬಾಟಲಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮುಚ್ಚಳ ತಿರುಗಿಸಿದಳು. ಕಾಫಿ ಹೂವಿನ ಕಾಲದ ಜೇನು. ಅದರ ವಾಸನೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂಗಿಗೆ ತಾಗಿದ ಕೂಡಲೇ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ.

"ನಂಗೂ ಸಕ್ಕರೆ ಕಾಯಿಲೆ ಬಂದಿದೆ ಅತ್ತೆ" ಎಂದಳು, ನೆಗಡಿ ಬಂದಿದೆ ಎನ್ನುವ ಹಾಗೆ. "ಸಕ್ಕರೆ, ಬೆಲ್ಲ ಎರಡೂ ಬಿಟ್ಟೆ. ಕಾಫಿಗೆ ಈಗ ಜೇನೇ. ಅಪ್ಪಂಗೂ ಡಾಕ್ಟ್ರು ಜೇನು ಹಾಕ್ಕೊ ಅಂದಿದ್ರಂತಲ್ಲ, ಅಮ್ಮ ಹೇಳ್ತಿದ್ಲು."

ಡಾಕ್ಟರು ಹಾಗೆ ಹೇಳಿರಲಿಲ್ಲ. ಹಾಗೆ ಹೇಳಿದ್ದು ನಾನು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಮನೆಯ ಸಾಮಾನಿನ ಚೀಟಿ ಬಿಟ್ಟರೆ ಏನನ್ನೂ ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯದೆ ಇರಲಾರೆ.

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ನಮ್ಮ ಮನೆ ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ, ಏಲಕ್ಕಿ ಮಲೆಯ ಅಂಚಿನಲ್ಲಿತ್ತು. ಅಪ್ಪ ಅವ್ವ ಬೇಗ ಹೋದರು. ನನ್ನನ್ನು ಸಾಕಿದ್ದು ಅಣ್ಣ. ಮನೆಯಲ್ಲಿ ಅಣ್ಣ, ಅತ್ತಿಗೆ, ತೊಟ್ಟಿಲಲ್ಲಿದ್ದ ಈ ಮಗಳು, ಮತ್ತು ನಾನು. ಬೆಳಗಿನ ಕಾಫಿ ನನ್ನ ಕೆಲಸ. ನಮ್ಮ ಕಡೆ ಕಾಫಿಗೆ ಸಿಹಿಯನ್ನು ಮೇಲಿನಿಂದ ಹಾಕುವ ಪದ್ಧತಿ ಇರಲಿಲ್ಲ. ಮೊದಲು ನೀರಿಗೆ ಬೆಲ್ಲ ಹಾಕಿ ಕುದಿಸಬೇಕು. ಬೆಲ್ಲ ಕರಗಿ ನೀರು ಕೆಂಪಾದ ಮೇಲೆ ಪುಡಿ. ಬೆಲ್ಲವಿಲ್ಲದೆ ಕಾಫಿಯೇ ಇಲ್ಲ. ನನ್ನ ಕೈಯ ಕಾಫಿಯನ್ನು ಬಂದವರೆಲ್ಲ ಹೊಗಳುತ್ತಿದ್ದರು. ಶಾಲೆ ಬಿಟ್ಟ ಹುಡುಗಿಗೆ ಅದೊಂದೇ ಹೆಮ್ಮೆ.

ಅಣ್ಣನ ಹೆಮ್ಮೆ ಜೇನು. ಮಣ್ಣಿನ ಮಡಕೆಯ ಒಳಗೆ ಮೇಣ ಸವರಿ, ಕಾಡಿನಲ್ಲಿ ಮರದ ಕವಲಿಗೆ ಕಟ್ಟಿ ಬರುತ್ತಿದ್ದ. ತುಡುವೆ ಜೇನುಹುಳಗಳು ಅದರಲ್ಲಿ ಮನೆ ಹೂಡಿದ ಮೇಲೆ, ಮಗುವನ್ನು ಹೊತ್ತ ಹಾಗೆ ಎದೆಗೆ ಅವಚಿಕೊಂಡು ಗುಡ್ಡ ಇಳಿದು ತರುತ್ತಿದ್ದ. ಮನೆಯ ಸೂರಿನ ಕೆಳಗೆ ಅಂಥ ಮಡಕೆಗಳ ಸಾಲೇ ಇತ್ತು. ಊರಿನಲ್ಲಿ ಯಾರಿಗೆ ಕೆಮ್ಮು ಬಂದರೂ, ಕೈ ಸುಟ್ಟರೂ, ಮಗು ಹುಟ್ಟಿದರೂ ನಮ್ಮ ಮನೆಗೇ ಬರಬೇಕು. ಜೇನನ್ನು ನಾವು ಯಾರೂ ಸಿಹಿಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅದು ಔಷಧಿ.

ಒಂದು ಮಳೆಗಾಲದಲ್ಲಿ ಅಣ್ಣನ ಕಾಲಿನ ಹೆಬ್ಬೆರಳಿನ ಪಕ್ಕ ಜಿಗಣೆ ಕಚ್ಚಿತು. ಜಿಗಣೆ ಕಚ್ಚುವುದು ನಮಗೆ ಒಂದು ಸಂಗತಿಯೇ ಅಲ್ಲ. ಆದರೆ ಮಳೆ ನಿಂತು ಬಿಸಿಲು ಬಿದ್ದರೂ ಆ ಗಾಯ ಮುಚ್ಚಲಿಲ್ಲ. ಅಣ್ಣನಿಗೆ ಸುಮ್ಮನೆ ಬಾಯಾರಿಕೆ, ಸುಸ್ತು. ಅತ್ತಿಗೆ ಹಟ ಹಿಡಿದು ಪೇಟೆಯ ಡಾಕ್ಟರ ಬಳಿ ಕಳಿಸಿದಳು. ಮಗು ಸಣ್ಣದು, ಹಾಗಾಗಿ ಜೊತೆಗೆ ಹೋದದ್ದು ನಾನು.

ಡಾಕ್ಟರು ಒಂದು ಗಾಜಿನ ಕೊಳವೆಯಲ್ಲಿ ನೀಲಿ ನೀರು ಹಾಕಿ, ಅದಕ್ಕೆ ಅಣ್ಣನ ಮೂತ್ರದ ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡುತ್ತಿದ್ದ ಹಾಗೆಯೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಣ್ಣ ಆಗ ಹೊರಗಿನ ಕೋಣೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ. ಡಾಕ್ಟರು ನನ್ನನ್ನು ಕರೆದು ಕೊಳವೆ ತೋರಿಸಿ, ಸಕ್ಕರೆ ಕಾಯಿಲೆ ಎಂದರು. ಇದು ನೀಲಿಯಾಗಿಯೇ ಉಳಿಯುವ ಹಾಗಾದರೆ ಮಾತ್ರ ಕಾಲು ಉಳಿಯುತ್ತದೆ ಎಂದರು. ಅನ್ನ ಕಡಿಮೆ ಮಾಡಬೇಕು, ಕೊಟ್ಟ ಔಷಧಿ ತಪ್ಪಿಸಬಾರದು.

"ಸಕ್ಕರೆ ಬೇಡ, ಬೆಲ್ಲ ಬೇಡ, ಜೇನೂ ಬೇಡ. ನಿಮ್ಮ ಕಡೆಯವರು ಜೇನನ್ನ ಔಷಧಿ ಅಂತೀರಿ, ಅದಕ್ಕೇ ಬೇರೆಯಾಗಿ ಹೇಳ್ತಿದ್ದೀನಿ. ತಿಳೀತಾ?"

ತಿಳಿಯಿತು ಎಂದು ತಲೆಯಾಡಿಸಿದೆ. ಕಾಫಿಯ ಪುಡಿ ಸ್ವಲ್ಪ ಕಡಿಮೆ ಮಾಡಿ, ಹಾಲು ಸೇರಿಸಿ, ಒಂದು ಏಲಕ್ಕಿ ಜಜ್ಜಿ ಹಾಕಿಕೊಡು, ನಾಲಿಗೆ ತಾನಾಗಿಯೇ ಒಗ್ಗುತ್ತದೆ ಎಂದೂ ಹೇಳಿದ್ದರು. ಎಲ್ಲ ತಿಳಿದಿತ್ತು ನನಗೆ. ತಿಳಿಯಲಿಲ್ಲ ಎಂದು ಹೇಳಿಕೊಳ್ಳುವ ದಾರಿಯನ್ನೂ ಅವರು ಬಿಟ್ಟಿರಲಿಲ್ಲ.

ಮನೆಗೆ ಬಂದು ಅಣ್ಣನಿಗೆ ಬೆಲ್ಲವಿಲ್ಲದ ಕಾಫಿಗೆ ಬೇರೆ ಪಾತ್ರೆ ಇಟ್ಟೆ. ಮೊದಲ ದಿನ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಏನೇ ಇದು, ಕಾಫಿ ಮಾಡಿದ್ಯಾ, ದನಕ್ಕೆ ಕಷಾಯ ಮಾಡಿದ್ಯಾ?"

ಅತ್ತಿಗೆ ನಕ್ಕಳು, ನಾನೂ ನಕ್ಕೆ. ಎರಡು ದಿನ ಕಳೆದ ಮೇಲೆ ಅವನು ತಮಾಷೆ ಮಾಡುವುದನ್ನೂ ಬಿಟ್ಟ. ಲೋಟ ಹಾಗೆಯೇ ತಣ್ಣಗಾಗಿ ಜಗಲಿಯಲ್ಲಿ ಕೂತಿರುತ್ತಿತ್ತು. ನಾನು ಅದನ್ನು ಬಾಳೆಯ ಬುಡಕ್ಕೆ ಚೆಲ್ಲುತ್ತಿದ್ದೆ. ಒಂದು ಬೆಳಿಗ್ಗೆ ಅವನು ಎದ್ದು ಕುಂಟುತ್ತಾ ಹೋಗಿ ಮಡಕೆಯೊಂದಕ್ಕೆ ಕಿವಿಯಿಟ್ಟು ಬಹಳ ಹೊತ್ತು ನಿಂತ. ಹುಳಗಳ ಗುಂಯ್‌ ಶಬ್ದ ಕೇಳುವುದು ಅವನಿಗೆ ಅಭ್ಯಾಸ. ತಿರುಗಿ ಬಂದು ನನ್ನನ್ನು ಕೇಳಿದ.

"ಜೇನೂ ಬೇಡ ಅಂದ್ರೇನೆ ಅವ್ರು? ನೀನು ಕೇಳಿದ್ಯಾ?"

"ಜೇನು ಹಾಕ್ಬಹುದು ಅಂದ್ರಣ್ಣ. ನಾನೇ ಮರ್ತಿದ್ದೆ."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು... ಪ್ರೀತಿಯಿಂದ ಹೇಳಿದೆ ಎಂದರೆ ನನಗೆ ಸುಲಭ. ಪ್ರೀತಿಯೂ ಇತ್ತು. ಆದರೆ ನಾನು ಮಾಡಿದ ಕಾಫಿ ದಿನವೂ ಬಾಳೆಯ ಬುಡಕ್ಕೆ ಹೋಗುವುದು ನನ್ನಿಂದ ಸಹಿಸಲಾಗಲಿಲ್ಲ. ಅವನು ಮೊದಲಿನ ಹಾಗೆ ಲೋಟ ಬರಿದು ಮಾಡಿ, ನನ್ನ ಕಡೆ ನೋಡಿ, ಚೆನ್ನಾಗಿದೆ ಎನ್ನಬೇಕಿತ್ತು. ಅಂದು ಹಾಗೆಯೇ ಎಂದ.

ಅಲ್ಲಿಂದ ಮುಂದೆ ಒಂದು ಬೆಳಿಗ್ಗೆಯೂ ನಾನು ನೆಮ್ಮದಿಯಿಂದ ಒಲೆ ಹಚ್ಚಲಿಲ್ಲ. ಚಮಚದಲ್ಲಿ ಜೇನು ಎತ್ತುವಾಗಲೆಲ್ಲ, ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ನಾಳೆ ಬಂದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ಯಾರಿಗೂ ಗೊತ್ತಾಗದ ಹಾಗೆ ದಿನದಿನಕ್ಕೆ ಜೇನು ಕಡಿಮೆ ಮಾಡುತ್ತಾ ಬಂದೆ. ಅವನಿಗೆ ಗೊತ್ತಾಗಿಯೇ ಹೋಯಿತು. ನಮ್ಮದೇ ಜೇನು, ಯಾಕೆ ಕೈ ಬಿಗಿ ಮಾಡುತ್ತೀಯೆ ಎಂದು ರೇಗಿಸಿದ. ಸಂತೆಗೆ ಹೋದಾಗ, ಸಿಹಿ ಕಾಯಿಲೆಯವರಿಗೆ ಜೇನು ಆಗುತ್ತದಂತೆ, ಡಾಕ್ಟರೇ ಹೇಳಿದ್ದಾರೆ ಎಂದು ಸಿಕ್ಕವರಿಗೆಲ್ಲ ಸಾರಿಕೊಂಡು ಬಂದ. ಯಾರು ಯಾರು ಅದನ್ನು ಕೇಳಿ ಮನೆಗೆ ಹೋಗಿ ಏನು ಮಾಡಿದರೋ...

ಗಾಯ ಬೆರಳಿನಿಂದ ಪಾದಕ್ಕೆ ಹರಡಿತು. ಅತ್ತಿಗೆ ಪಟ್ಟಿ ಬಿಚ್ಚುವಾಗ ನಾನು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದೆ. ವಾಸನೆಗೆ ಹೇಸಿ ಹೋಗುತ್ತಾಳೆ ಎಂದುಕೊಂಡಿದ್ದಳು ಅವಳು.

ಮತ್ತೆ ಡಾಕ್ಟರ ಬಳಿ ಹೋದೆವು. ಈ ಸಲ ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದ. ನೀಲಿ ನೀರು ದೀಪದ ಮೇಲೆ ಕುದಿಯಿತು. ನಾನು ಮನಸ್ಸಿನಲ್ಲಿ ಮನೆದೇವರನ್ನು ಕರೆಯುತ್ತಿದ್ದೆ. ಬಣ್ಣ ಮೊದಲಿಗಿಂತ ಬೇಗ ಇಟ್ಟಿಗೆಯಾಯಿತು. ಡಾಕ್ಟರು ಕೊಳವೆಯನ್ನು ಕೆಳಗಿಟ್ಟು, ಸಿಹಿ ಬಿಟ್ಟಿಲ್ಲ ನೀವು, ಸುಳ್ಳು ಹೇಳಬೇಡಿ ಎಂದರು. ಸಕ್ಕರೆ, ಬೆಲ್ಲ ಮುಟ್ಟಿಲ್ಲ ಎಂದ ಅಣ್ಣ. ಮತ್ತೇನು ಮುಟ್ಟಿದ್ದೀರಿ ಎಂದು ಕೇಳಿದರು.

ಅಣ್ಣ ಬಾಯಿ ತೆರೆದ. ಹೇಳುವ ಮೊದಲು ಯಾಕೋ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಎತ್ತಿ ಸಾಕಿದವನು ಅವನು. ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದಾಗಲೂ ನಾನು ಹಾಗೆಯೇ ಲಂಗ, ಜಡೆ, ಏನು ಸಿಕ್ಕರೆ ಅದನ್ನು ಸುತ್ತುತ್ತಿದ್ದೆ. ಅವನಿಗೆ ಅಷ್ಟು ಸಾಕಾಯಿತು.

"ಸಂತೇಲಿ ಮಿಠಾಯಿ ತಿಂದೆ ಡಾಕ್ಟ್ರೇ" ಎಂದ. "ಬಾಯಿ ಕೇಳ್ಲಿಲ್ಲ."

ಹೊರಗೆ ಕೂತಿದ್ದವರಿಗೆಲ್ಲ ಕೇಳುವ ಹಾಗೆ ಡಾಕ್ಟರು ಅವನನ್ನು ಮಗುವಿನಂತೆ ಬೈದರು. ಅಷ್ಟು ದೊಡ್ಡ ಆಳು ಕೈ ಕಟ್ಟಿಕೊಂಡು ಬೈಸಿಕೊಂಡ. ನಾನು ಆಗಲೂ ಬಾಯಿ ಬಿಡಲಿಲ್ಲ. ಮೊದಲಿನ ಸುಳ್ಳಿಗೆ ಏನಾದರೂ ನೆಪ ಹೇಳಿಕೊಂಡೇನು. ಆ ಮೌನಕ್ಕೆ ನನ್ನ ಬಳಿ ಯಾವ ನೆಪವೂ ಇಲ್ಲ.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ. ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಲೋಟ ತಂದಾಗ ಒಂದೇ ಮಾತು ಹೇಳಿದ.

"ಇವತ್ತಿಂದ ಏಲಕ್ಕಿ ಸಾಕು ಕಣಮ್ಮ."

ಆದರೆ ಆಗಲೇ ಹೊತ್ತು ಮೀರಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಕಾಫಿಗೆ ಹಾಕಿದ ಜೇನೊಂದರಿಂದಲೇ ಕಾಲು ಹೋಯಿತು ಎನ್ನಲಾಗದು, ಕಾಯಿಲೆಯೇ ಅಂಥದ್ದು ಎಂದು ಬಹಳ ವರ್ಷಗಳ ನಂತರ ಬೇರೊಬ್ಬ ಡಾಕ್ಟರು ನನಗೆ ಸಮಾಧಾನ ಹೇಳಿದರು. ಇರಬಹುದು. ಅವರು ಆ ಚಮಚ ಹಿಡಿದಿರಲಿಲ್ಲ.

ಕಾಡಿಗೆ ಹೋಗಲಾಗದವನು ಹೊಸ ಹುಳ ಎಲ್ಲಿಂದ ತರಬೇಕು? ಇದ್ದ ಹುಳಗಳು ಒಂದೊಂದೇ ಮಡಕೆ ಬಿಟ್ಟು ಹೋದವು. ಸೂರಿನ ಕೆಳಗೆ ಬರೀ ಮಡಕೆಗಳು ಉಳಿದವು, ಗಾಳಿ ಬೀಸಿದರೆ ಊಳಿಡುತ್ತಿದ್ದವು. ಅಣ್ಣ ಇನ್ನೂ ಕೆಲವು ವರ್ಷ ಬದುಕಿದ್ದ. ಜಗಲಿಯಲ್ಲಿ ಕೂತು ಬೆಳಿಗ್ಗೆ ಬೆಳಿಗ್ಗೆ ನಾನು ಕೊಟ್ಟ ಕಹಿ ಕಾಫಿಯನ್ನು ಕೊನೆಯ ಹನಿಯವರೆಗೆ ಕುಡಿದು, ಚೆನ್ನಾಗಿದೆ ಎನ್ನುತ್ತಿದ್ದ. ಒಂದು ದಿನವಾದರೂ ಲೋಟ ಎತ್ತಿ ನನ್ನ ಮೇಲೆ ಎಸೆದಿದ್ದರೆ... ಮಿಠಾಯಿಯ ಮಾತನ್ನು ಅವನು ಮನೆಯಲ್ಲೂ ಹೇಳಿದ್ದ. ಅತ್ತಿಗೆಗೆ ಅವನ ಮೇಲಿನ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ. ಮಿಠಾಯಿಗೆ ಕಾಲು ಮಾರಿಕೊಂಡವರು ಎಂದು ಬಂದವರ ಮುಂದೆಯೇ ಚುಚ್ಚುತ್ತಿದ್ದಳು. ಅವನು ಹೌದು ಹೌದು ಎಂದು ನಗುತ್ತಿದ್ದ. ನಾನು ಒಳಗೆ ಪಾತ್ರೆ ತಿಕ್ಕುತ್ತಿದ್ದೆ.

ಈಗ ಅವನ ಮಗಳು ನನ್ನ ಎದುರಿಗೆ ನಿಂತು ಕಾಫಿಗೆ ಜೇನು ಸುರಿಯುತ್ತಿದ್ದಳು. ನನ್ನ ಕಣ್ಣು ಅವಳ ಪಾದಗಳ ಮೇಲೇ ಇತ್ತು. ಎಡಗಾಲಿನ ಹಿಮ್ಮಡಿಗೆ ಸಣ್ಣದೊಂದು ಪಟ್ಟಿ. ಏನದು ಎಂದೆ. ಚಪ್ಪಲಿ ಕಚ್ಚಿದ್ದು, ಮಾಯುತ್ತೆ ಬಿಡಿ ಎಂದಳು.

ಲೋಟಕ್ಕೆ ಕೈ ಅಡ್ಡ ಇಟ್ಟೆ. ನಿಂತೇ ಎಲ್ಲವನ್ನೂ ಹೇಳಿದೆ. ಡಾಕ್ಟರು ಹೇಳಿದ್ದು, ನಾನು ಹೇಳಿದ್ದು, ಅಣ್ಣ ಹೇಳಿದ್ದು. ಜೇನೂ ಸಕ್ಕರೆಯೇ ಕಣಮ್ಮ, ಇದನ್ನು ಬಿಡು, ಆ ಗಾಯವನ್ನು ಇವತ್ತೇ ಡಾಕ್ಟರಿಗೆ ತೋರಿಸು ಎಂದೆ. ಅವಳು ನನ್ನನ್ನು ಬೈಯಲಿಲ್ಲ. ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ ಕೇಳಿದಳು.

"ಅಪ್ಪ ಮಿಠಾಯಿ ತಿಂದೇ ಇರ್ಲಿಲ್ವಾ?"

"ಇಲ್ಲ."

"ಅಮ್ಮ ಸಾಯೋ ತನಕ ಬೈತಿದ್ಲಲ್ಲ ಅತ್ತೆ."

ಆ ಲೋಟದ ಕಾಫಿಯನ್ನು ಅವಳೇ ಬಚ್ಚಲಿಗೆ ಚೆಲ್ಲಿ ಬಂದಳು. ನಾನು ಹೊಸದಾಗಿ ನೀರಿಟ್ಟೆ, ಪುಡಿ ಕಡಿಮೆ ಹಾಕಿದೆ, ಹಾಲು ಸೇರಿಸಿದೆ, ಏಲಕ್ಕಿ ಜಜ್ಜಿದೆ. ಮೊದಲ ಗುಟುಕಿಗೆ ಅವಳ ಮುಖ ಅಣ್ಣನ ಮುಖದ ಹಾಗೆಯೇ ಕಿವುಚಿತು. ಆದರೂ ಪೂರ್ತಿ ಕುಡಿದಳು.

ಹೋಗುವಾಗ ಡಾಕ್ಟರ ಬಳಿ ಹೋಗುತ್ತೇನೆ ಎಂದಷ್ಟೇ ಹೇಳಿದಳು. ಆಮೇಲೆ ಫೋನು ಬಂದಿಲ್ಲ. ಕಾಲು ಏನಾಯಿತೋ, ನನ್ನ ಮೇಲೆ ಅವಳ ಮನಸ್ಸು ಏನಾಯಿತೋ, ಎರಡೂ ಗೊತ್ತಿಲ್ಲ. ಜೇನಿನ ಬಾಟಲಿಯನ್ನು ಅವಳು ಒಯ್ಯಲಿಲ್ಲ. ಕಟ್ಟೆಯ ಮೇಲೇ ಇದೆ. ಬೆಳಿಗ್ಗೆ ಕಾಫಿಗೆ ನೀರಿಡುವಾಗ ಅದನ್ನೊಮ್ಮೆ ನೋಡುತ್ತೇನೆ, ಫೋನನ್ನೊಮ್ಮೆ ನೋಡುತ್ತೇನೆ.

ಅಂದು ಬರಿದಾದ ಲೋಟವನ್ನು ನನ್ನ ಕೈಗೆ ಕೊಡುತ್ತಾ ಅವಳು, "ಕಹಿ ಇದೆ ಅತ್ತೆ" ಎಂದಿದ್ದಳು. ಕಾಲು ಹೋದ ಮೇಲೆ ಅಣ್ಣ ಒಂದು ದಿನವೂ ಅದನ್ನು ಹೇಳಲಿಲ್ಲ.