ಬೂದಿ ಸವರಿ ಆರಿಸಿದ ಕ್ಯಾಪು

ಅವ್ವ ತೀರಿಕೊಂಡ ಮೇಲಿನ ಮೊದಲ ಗೌರಿಹಬ್ಬ. ಕುದೇರಿನ ತವರಿನಿಂದ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಅವ್ವನ ಜೊತೆಗೇ ತವರೂ ಹೋಯಿತು ಎಂದು ಚಾಮರಾಜನಗರದ ನಮ್ಮ ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ, ಪಾತ್ರೆಗಳನ್ನೂ ಕುಕ್ಕಿದೆ. ಕರೆಯದೆ ಹೋಗಿ ಬಸ್ಸಿಳಿದರೆ ಊರವರು ಆಡಿಕೊಳ್ಳುವುದಿಲ್ಲವೇ?

"ಕಾರಲ್ಲಿ ಓಗನ ಬುಡಮ್ಮಿ," ಎಂದರು ನಮ್ಮ ಯಜಮಾನರು. "ಕಾರಲ್ಲಿ ಬಂದೋರ್ನ ಯಾರು ಕರುದ್ರು ಅಂತ ಯಾರೂ ಕೇಳಕಿಲ್ಲ."

ಹೇಳುವುದಕ್ಕೇನು! ಅವರು ಬಾಡಿಗೆಗೆ ಓಡಿಸುತ್ತಿದ್ದದ್ದು ಎರಡನೇ ಮಹಾಯುದ್ಧಕ್ಕೂ ಮುಂಚಿನ ಮುದಿ ಕಾರು. ನಾಲ್ಕು ಹನಿ ಬಿದ್ದರೆ ಕೆಮ್ಮಿ ನಿಲ್ಲುತ್ತಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕರಿ ಕ್ಯಾಪು ಸೀಳಿಹೋಗಿ ಮಳೆಯ ತೇವ ಒಳಗಿಳಿಯುತ್ತಿತ್ತು. ಹೊಸದು ಎಲ್ಲೂ ಸಿಗುತ್ತಿರಲಿಲ್ಲ. ಗುಂಡ್ಲುಪೇಟೆಯ ಹಳೇ ಸಾಮಾನಿನ ಅಂಗಡಿಗೆ ಹೊರಟರು. ನಾನೂ ಹಟ ಮಾಡಿ ಜೊತೆಗೆ ಬಸ್ಸು ಹತ್ತಿದೆ.

ಊಟಿ ಕಡೆ ಹೋಗುವ ಲಾರಿಗಳ ಗದ್ದಲದಲ್ಲಿ ಅಂಗಡಿಯವನು ಗೋಣಿಚೀಲ ಸುರಿದ. ನಮ್ಮ ಕಾರಿಗೆ ಹೊಂದುವ ಕ್ಯಾಪು ಎರಡೇ ಇದ್ದವು. ಇವರು ಫಳಫಳ ಹೊಳೆಯುವುದನ್ನು ಎತ್ತಿಕೊಂಡರು. ನನ್ನನ್ನು ಆರಿಸಿದ್ದೊಂದು ಬಿಟ್ಟು ಇವರ ಆಯ್ಕೆಯೆಲ್ಲ ಹೀಗೇ.

"ತಡೀರಿ," ಎಂದು ಪಕ್ಕದ ಟೀ ಅಂಗಡಿಯ ಒಲೆಯಿಂದ ಬೂದಿ ತಂದೆ. ಮಡಕೆ ಕೊಳ್ಳುವಾಗ ಅವ್ವ ಮಾಡುತ್ತಿದ್ದಂತೆ ಎರಡಕ್ಕೂ ಸವರಿ ಸೆರಗಿನಿಂದ ಒರೆಸಿದೆ. ಹೊಳೆಯುವುದರ ಒಳಗಡೆ ಕೂದಲೆಳೆಯಷ್ಟು ಬಿಳಿ ಗೆರೆ ಉಳಿಯಿತು. ಬಿರುಕು!

"ಅಯ್ಯೋ ನಿನ್ನ! ಇದೇನು ಮಡಕೆನಾ?" ಎಂದರು ಇವರು.

"ಬಿರುಕು ಬಿಟ್ರೆ ಎರಡೂ ಒಂದೇ ಕಣ್ರಿ."

ಮಂಕಾದದ್ದನ್ನೇ ತಂದೆವು. ಬೂದಿಯ ಕಣವೂ ಉಳಿಯದಂತೆ ತೊಳೆದು ಬಿಸಿಲಿಗಿಟ್ಟೆ. ಅವರು ಕ್ಯಾಪಿನಡಿ ಕಿಡಿ ಹುಟ್ಟಿಸುವ ಪಾಯಿಂಟುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ನಡುವಿನ ಸಂದಿಗೆ ಪೋಸ್ಟ್‌ಕಾರ್ಡಿನ ಚೂರು ಇಟ್ಟು ಅಳೆದರು. ಪ್ಲಗ್ಗುಗಳಿಗೆ ಹೋಗುವ ತಂತಿಗಳು ಅದಲುಬದಲಾಗದಿರಲಿ ಎಂದು ನಾನು ಒಂದೊಂದಕ್ಕೂ ಬೇರೆ ಬಣ್ಣದ ಬಟ್ಟೆಚೂರು ಕಟ್ಟಿದೆ. ಅಷ್ಟು ಹತ್ತಿರ ತಲೆ ಬಗ್ಗಿಸಿ ನಾವಿಬ್ಬರೂ ಮಾಡಿದ ಕೆಲಸ ಅದೇ ಮೊದಲು. ನನಗೆ ಬಹಳ ಹಿತವಾಗಿತ್ತು.

ಹಬ್ಬದ ದಿನ ಜಡಿಮಳೆ. ಕಾರು ಒಮ್ಮೆಯೂ ಕೆಮ್ಮದೆ ಕುದೇರು ಮುಟ್ಟಿತು. ಅಪ್ಪ ಜಗಲಿಯಿಂದ ಇಳಿದು ಬಂದ. ನಾನು ಕೂತಲ್ಲೇ ಸಿಡಿದೆ: "ಕರೀದೆ ಬಂದಿವ್ನಿ. ಬ್ಯಾಡ ಅಂದ್ರೆ ಇಂಗೇ ಓಯ್ತಿನಿ!"

ಅಪ್ಪ ಕಾರಿನ ಬಾಗಿಲು ಹಿಡಿದು ನೆನೆಯುತ್ತ ನಿಂತ. "ಕರ್ಯಕ್ಕೆ ಅಂತ ಎಷ್ಟು ಸಲ ವೊಂಟೆ ಕಣವ್ವಾ. ನಿಮ್ಮವ್ವ ಇಲ್ದಿರ ಮನೇಗೆ ಬಾ ಅಂತ ಯಾವ ಬಾಯಲ್ಲಿ ಯೋಳ್ಲಿ? ಅರ್ಧ ದಾರೀಲೆ ತಿರುಕ್ಕೊಂಡ್ಬುಟ್ಟೆ."

ದಾರಿಯುದ್ದಕ್ಕೂ ಕೂಡಿಹಾಕಿದ್ದ ಜಗಳವೆಲ್ಲ ಕರಗಿಹೋಯಿತು.

"ಈಗಾದ್ರೂ ಬಾ ಅನ್ನಪ್ಪ," ಎಂದೆ.

ಅಪ್ಪ ನನ್ನ ಕೈ ಹಿಡಿದು ಇಳಿಸಿಕೊಂಡ.