ಸಿಂಹ ಹೊದ್ದ ಹಾಜರಿ ಪುಸ್ತಕ

ವರ್ಷ ಮುಗಿದ ಕ್ಯಾಲೆಂಡರನ್ನು ರದ್ದಿಗೆ ಹಾಕುವ ಮನೆತನ ನಮ್ಮದಲ್ಲ. ಅದರ ನುಣುಪು ಹಾಳೆಗಳು ಪುಸ್ತಕಗಳ ಹೊದಿಕೆಯಾಗಿ ಮರುಜನ್ಮ ಪಡೆಯುತ್ತವೆ. ಕುಂದಗೋಳದ ಒಂದು ಗೊಬ್ಬರದ ಅಂಗಡಿಯವರು ಒಮ್ಮೆ ದೇವರುಗಳನ್ನು ಬಿಟ್ಟು ಜಗತ್ತಿನ ವನ್ಯಮೃಗಗಳ ಕ್ಯಾಲೆಂಡರ್ ಹಂಚಿದ್ದರು: ಜನವರಿಗೆ ಆಫ್ರಿಕದ ಸಿಂಹ, ಮೇ ತಿಂಗಳ ಉರಿಬಿಸಿಲಿಗೆ ಹಿಮಕರಡಿ. ಆ ಸಿಂಹವನ್ನು ನಾನು ನನ್ನ ಶಾಲೆಯ ಹಾಜರಿ ಪುಸ್ತಕಕ್ಕೆ ಹೊದಿಸಿದೆ. ಎಷ್ಟು ಕೂಗಿದರೂ ಯಾರೂ ಹೆದರದ ಮಾಸ್ತರನಿಗೆ ಅಷ್ಟಾದರೂ ಆಸರೆ ಬೇಕಿತ್ತು.

ಆ ಕ್ಯಾಲೆಂಡರ್ ನನ್ನನ್ನು ಕೆಡಿಸಿತೆಂದರೆ ಕ್ಯಾಲೆಂಡರಿಗೆ ಅನ್ಯಾಯವಾದೀತು. ಕೆಡಲು ನಾನು ಸಿದ್ಧನಾಗಿಯೇ ಇದ್ದೆ. ಅಮೆಜಾನಿನ ಕಾಡು ಕಡಿಯುತ್ತಾರೆ, ಸಾಗರದ ತಿಮಿಂಗಿಲಗಳನ್ನು ಕೊಲ್ಲುತ್ತಾರೆ ಎಂದು ಪಾಠ ಹೇಳುವಾಗ ನನ್ನ ಕಂಠ ಗದ್ಗದವಾಗುತ್ತಿತ್ತು. ಕಾಣದ ಪ್ರಾಣಿಗಾಗಿ ಮರುಗುವುದು ಬಹಳ ಸುಲಭ ನೋಡಿ. ಅದು ನಿಮ್ಮ ಹೊಲ ಮೇಯಲು ಬರುವುದಿಲ್ಲ. ನಮ್ಮೂರ ಗಾಯರಾಣದಲ್ಲಿ, ಎಂದರೆ ಊರ ದನಕುರಿಗಳಿಗೆಂದು ಬಿಟ್ಟ ಹುಲ್ಲುಗಾವಲಿನಲ್ಲಿ, ಚಿಗರಿ ಜಿಂಕೆಗಳ ಹಿಂಡು ಮೇಯುತ್ತಿತ್ತು, ಟಿಟ್ಟಿಭ ಹಕ್ಕಿ ನೆಲದ ಮೇಲೆಯೇ ತತ್ತಿ ಇಡುತ್ತಿತ್ತು. ಯಾವ ಕ್ಯಾಲೆಂಡರಿನಲ್ಲಿಯೂ ಅಚ್ಚಾಗಿರಲಿಲ್ಲವಾದ್ದರಿಂದ ಅದೂ ಒಂದು ವನ್ಯಲೋಕವೆಂದು ನನಗೆ ಹೊಳೆಯಲಿಲ್ಲ. ಮರವಿಲ್ಲದ್ದು ಕಾಡಲ್ಲ, ಕಾಡಲ್ಲದ್ದು ಬಯಲು, ಬಯಲೆಂದರೆ ಬರಿದು, ಬರಿದೆಂದರೆ ತುಂಬಲೇಬೇಕು: ಇದು ನಮ್ಮಂಥ ಓದಿದವರ ತರ್ಕಶಾಸ್ತ್ರ. ಸರಕಾರಿ ಕಾಗದದಲ್ಲಿಯೂ ಅದರ ಹೆಸರು ಖರಾಬು ಜಮೀನು ಎಂದೇ ಇತ್ತು.

ಅಲ್ಲಿ ಬೀರಪ್ಪಜ್ಜ ಕುರಿ ಮೇಯಿಸುತ್ತಿದ್ದ. ಅವನ ಹಿರಿಯರಿಂದ ಬಂದ ಪದ್ಧತಿಯೊಂದಿತ್ತು. ಹುಲ್ಲಿನಲ್ಲಿ ತತ್ತಿ ಕಂಡರೆ ಸುತ್ತಲೂ ಮೂರು ಕಲ್ಲು ಇಡುವುದು. ಕಲ್ಲು ಕಂಡ ಕುರುಬ ಯಾರೇ ಆಗಲಿ, ಹಿಂಡನ್ನು ಬದಿಗೆ ಹೊರಳಿಸಿಕೊಂಡು ಹೋಗುವುದು. ಮರಿ ಎದ್ದು ಹೋದ ಮೇಲೆ ಕಲ್ಲು ಉರುಳಿಸಿಬಿಡುವುದು. ಅದಕ್ಕೆ ಕಾಯ್ದೆಯಿರಲಿಲ್ಲ, ಬೋರ್ಡೂ ಇರಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆದಿದ್ದ ಒಂದು ಮುಂಗಾರಿನಲ್ಲಿ ಲಾರಿಯ ತುಂಬ ನೀಲಗಿರಿ ಸಸಿಗಳು ಬಂದವು. ಹಿಂದೆಯೇ ಸಾಹೇಬರು, ಹಾರ, ಮೈಕು. ಹಚ್ಚುವ ಕೈಗಳು ಶಾಲೆಯ ಮಕ್ಕಳವು, ಹಚ್ಚಿಸುವ ಉತ್ಸಾಹ ನನ್ನದು. ಘೋಷಣೆಗಳನ್ನು ನಾನೇ ರಚಿಸಿ ನಾನೇ ಕೂಗಿಸಿದೆ. ಗಾಳಿಗೆ ಸಸಿಗಳು ವಾಲತೊಡಗಿದಾಗ ನನ್ನ ಬುದ್ಧಿ ಚುರುಕಾಯಿತು: ಕಲ್ಲು ತಂದು ಬುಡಕ್ಕೆ ಒತ್ತುಕೊಡಿ ಎಂದೆ. ಮಕ್ಕಳು ಹುಲ್ಲಿನಲ್ಲಿ ಹುಡುಕಿದರು. ಸಿಕ್ಕವು. ಮೂರು ಮೂರರ ಗುಂಪಾಗಿ, ಯಾರೋ ನಮಗಾಗಿಯೇ ಜೋಡಿಸಿಟ್ಟಂತೆ ಸಿಕ್ಕವು. ಮಣ್ಣಿನ ಬಣ್ಣದ ತತ್ತಿಗಳು ಆ ಗದ್ದಲದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಕುರುಬರ ಮನೆಯ ಒಬ್ಬಿಬ್ಬರು ಮಕ್ಕಳು ಏನೋ ಹೇಳಲು ಬಂದರು. ಸಾಹೇಬರ ಮುಂದೆ ಮಾತೇನೆಂದು ಗದರಿಸಿದೆ. ಅಷ್ಟು ಅನುಕೂಲವಾಗಿ ಕಲ್ಲು ಸಿಕ್ಕಿದ್ದಕ್ಕೆ ಸಂತೋಷಪಟ್ಟೆನೆಂದು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಮರುದಿನ ಮುಂಜಾನೆ ಬೀರಪ್ಪಜ್ಜ ಎಂದಿನಂತೆ ಹಿಂಡು ಹೊಡೆದುಕೊಂಡು ಹೋದ. ಕಲ್ಲು ಕಾಣಲಿಲ್ಲ, ಆದ್ದರಿಂದ ನೇರ ನಡೆದ. ಟಿಟ್ಟಿಭಗಳು ತಲೆಯ ಮೇಲೆ ಹಾರಾಡಿ ಚೀರಿಕೊಂಡಾಗ ಅವನಿಗೆ ತಿಳಿಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಶಾಲೆಗೆ ಬಂದವನು ಕಂಬಳಿಯ ಸೆರಗಿನಲ್ಲಿದ್ದ ಒಡೆದ ಚಿಪ್ಪುಗಳನ್ನು ನನ್ನ ಹಾಜರಿ ಪುಸ್ತಕದ ಮೇಲೆ, ಸಿಂಹದ ಮುಖದ ಮೇಲೆ ಸುರಿದ.

"ನನ್ನ ಕುರಿ ಕಾಲಾಗ ತುಳಿಸಿದ್ರಲ್ರಿ ಮಾಸ್ತರ್ರ! ನಮ್ಮಪ್ಪನ ಕಾಲದಿಂದ ಒಂದ ತತ್ತಿ ತುಳಿದಿದ್ದಿಲ್ಲ."

"ಗಿಡಾ ಹಚ್ಚಿದ್ದು ಒಳ್ಳೇದಕ್ಕ ಅಲ್ಲೇನ ಅಜ್ಜಾ?" ಎಂದೆ. ಆಗಲೂ ನನಗೆ ವಾದ ಗೆಲ್ಲುವ ಚಪಲ.

"ಯಾರಿಗೆ ಒಳ್ಳೇದ್ರಿ? ಆ ಎಲಿ ನನ್ನ ಆಡು ಸುದ್ದಾ ಮೂಸೂದಿಲ್ಲ. ಚಿಗರಿಗೆ ದೂರ ಕಾಣೂ ಬಯಲು ಬೇಕ್ರಿ. ಅದಕ್ಕ ಈಗ ಎಲ್ಲಿಗಿ ಹೋಗಂತೀರಿ?"

ಭೂಗೋಳ ಕಲಿಸುವ ನಾನು ಸಿಂಹದ ಮೇಲಿನ ಚಿಪ್ಪುಗಳನ್ನು ಕೊಡವಿ ಹಾಜರಿ ಕೂಗತೊಡಗಿದೆ.

ಆಮೇಲೆ ತಂತಿಬೇಲಿ ಬಂತು. ಬೀರಪ್ಪಜ್ಜನ ಹಿಂಡು ರಸ್ತೆಯ ಅಂಚಿಗೆ ಬಿತ್ತು. ಚಿಗರಿಗಳು ಹೊಲ ಹೊಕ್ಕು, ಕಲ್ಲೇಟು ತಿಂದು, ಎತ್ತಲೋ ಹೋದವು. ಸಾಹೇಬರು ಒಮ್ಮೆಯೂ ತಿರುಗಿ ಬರಲಿಲ್ಲ. ಬಂದಿದ್ದರೆ ಆ ಹಾರವನ್ನು ಮರಳಿ ಕೇಳುತ್ತಿದ್ದೆ. ಬಸ್ಸಿನಲ್ಲಿ ಹೋಗುವವರು ಸಾಲುಸಾಲು ನೀಲಗಿರಿ ಕಂಡು "ಎಷ್ಟು ಹಸಿರು!" ಎಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಮೆಜಾನಿನಲ್ಲಿ ಕೊಡಲಿ ಹಿಡಿದವನಿಗೆ ತಾನು ಕಡಿಯುತ್ತಿದ್ದೇನೆಂದಾದರೂ ಗೊತ್ತು. ನಾನು ನೀರಿನ ಕೊಡ ಹೊತ್ತು, ಚಪ್ಪಾಳೆ ಹೊಡೆಸಿಕೊಂಡು ಅದೇ ಕೆಲಸ ಮಾಡಿದೆ.

ಈ ವರ್ಷದ ಹಾಜರಿ ಪುಸ್ತಕಕ್ಕೆ ಹೊದಿಕೆ ಹಾಕಲು ಕುಳಿತಾಗ ಆ ಹಳೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯೊಂದೇ ಉಳಿದಿತ್ತು: ವಿಶಾಲ ಹುಲ್ಲುಗಾವಲು, ನೆಗೆಯುವ ಜಿಂಕೆಗಳು, ಕೆಳಗೆ ದೂರದ ಯಾವುದೋ ದೇಶದ ಹೆಸರು. ಚಿತ್ರವನ್ನು ಒಳಗೆ ಮಾಡಿ, ಬಿಳಿಯ ಮಗ್ಗುಲು ಹೊರಗೆ ಬರುವಂತೆ ಹೊದಿಸಿದೆ. ಬರಿದಾಗಿ ಕಂಡದ್ದನ್ನು ಹಾಗೇ ಬಿಡಲಾರದ ಹಳೆಯ ಚಟ. ಪೆನ್ಸಿಲು ತೆಗೆದುಕೊಂಡು ಮೂರು ಕಲ್ಲು ಬರೆದೆ. ನಡುವೆ ತತ್ತಿ ಬರೆಯಲು ಕೈ ಬರಲಿಲ್ಲ.