ತರೀಕೆರೆಯ ಮೇಲೆ ಹಾಯ್ದ ಕಲ್ಲು

ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುತ್ತಿರುವ ಲೆಕ್ಕವಿಲ್ಲದ ಕಲ್ಲುಗಳಲ್ಲಿ ಒಂದು ನನ್ನ ಮಾನ ಕಳೆದಿದೆ. ದೊಡ್ಡದೇನಲ್ಲ. ಒಂದು ತುದಿಯನ್ನು ಕಡೂರಿನಲ್ಲಿಟ್ಟರೆ ಇನ್ನೊಂದು ತುದಿ ಬೀರೂರು ಮುಟ್ಟೀತು, ಅಷ್ಟೆ. ಅದಕ್ಕೊಂದು ನಂಬರಿದೆ, ಹೆಸರಿಲ್ಲ. ಪುಸ್ತಕದಲ್ಲಿ ಇಂಥವನ್ನು ಕ್ಷುದ್ರಗ್ರಹ ಅನ್ನುತ್ತಾರೆ. ಅದನ್ನೂ ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ, ನನ್ನನ್ನೂ ತೆಗೆದುಕೊಳ್ಳುವುದಿಲ್ಲ. ನಮ್ಮಿಬ್ಬರಿಗೂ ಜಾತಕ ಕೂಡಿತ್ತು.

ನನ್ನ ಕಸುಬು ಮಿಮಿಕ್ರಿ. ಆರ್ಕೆಸ್ಟ್ರಾದವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ನೀರು ಕುಡಿಯುವಷ್ಟು ಹೊತ್ತು ನಾನು ವೇದಿಕೆ ಮೇಲಿರುತ್ತೇನೆ. ಬಸ್ ಕಂಡಕ್ಟರ್, ಅಡಿಕೆ ಮಂಡಿಯಲ್ಲಿ ಕೂಗುವವರು, ಮದುವೆ ಮನೆಯಲ್ಲಿ ಊಟ ಸರಿ ಇಲ್ಲ ಅನ್ನುವ ಗಂಡಿನ ಕಡೆಯ ಮಾವ, ಎಲ್ಲರೂ ನನ್ನ ಗಂಟಲೊಳಗೆ ಬಾಡಿಗೆಗಿದ್ದಾರೆ. ನಾನು ಮಾತ್ರ ಅಲ್ಲಿಲ್ಲ ಅಂತ ನಮ್ಮಮ್ಮನ ದೂರು.

ಇಂಥವನು ಆಕಾಶ ನೋಡಲು ಹೋದದ್ದು ಒಬ್ಬ ಗೆಳೆಯನಿಂದ. ಅವನ ಮನೆಯವರದು ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ಕನ್ನಡಕದ ಅಂಗಡಿ. ಅಂಗಡಿಯಲ್ಲಿ ಕನ್ನಡ, ಮನೆಯಲ್ಲಿ ದಖ್ನಿ ಉರ್ದು, ಹೆಣ್ಣುಮಕ್ಕಳು ಕನ್ನಡಕ ಕೊಳ್ಳಲು ಬಂದರೆ ಮೌನ. ಅವನ ಹತ್ತಿರ ಎರಡೂ ಕಣ್ಣಿಗೆ ಹಚ್ಚಿ ನೋಡುವ, ಭಾರೀ ಗಾತ್ರದ ಒಂದು ದುರ್ಬೀನು ಇತ್ತು. ಅದರಲ್ಲಿ ಏನು ನೋಡಬೇಕು ಅಂತ ಕೇಳಲು ಹೋಗಿ ಕಡೂರಿನ ಒಬ್ಬ ಮೇಷ್ಟ್ರ ಮನೆ ಮುಟ್ಟಿದೆವು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಮಾತು ಶುರು ಮಾಡುವ ಮುಂಚೆ ಗಂಟಲು ಸರಿಮಾಡಿಕೊಂಡು, ಕನ್ನಡಕ ಮೇಲೆ ತಳ್ಳಿ, 'ಏನಾಗ್ತದಪ್ಪಾ ಅಂದ್ರೆ' ಅನ್ನುತ್ತಿದ್ದರು. ನಾನು ಅದನ್ನು ಮೊದಲ ದಿನವೇ ಬಾಯಿಪಾಠ ಮಾಡಿ, ವಾಪಸ್ ಬರುವ ಬಸ್ಸಿನಲ್ಲಿ ಗೆಳೆಯನಿಗೆ ಒಪ್ಪಿಸಿದ್ದೆ.

ಕಳೆದ ಚಳಿಗಾಲದಲ್ಲಿ ಮೇಷ್ಟ್ರು ನಮ್ಮನ್ನು ಕರೆಸಿ ವಿಷಯ ಹೇಳಿದರು. ಈ ಕಲ್ಲು ಒಂದು ಸಂಜೆ ಒಂದು ನಕ್ಷತ್ರಕ್ಕೆ ಅಡ್ಡ ಬರುತ್ತದೆ. ಆಗ ನಕ್ಷತ್ರ ಒಂದು ಕ್ಷಣ ಆರಿ ಮತ್ತೆ ಹತ್ತುತ್ತದೆ. ಹಾಗೆ ಕಾಣುವುದು ಕಲ್ಲಿನ ನೆರಳು ಬಿದ್ದ ಪಟ್ಟಿಯಲ್ಲಿ ಮಾತ್ರ. ಪಟ್ಟಿಯ ಅಗಲ ಕಲ್ಲಿನಷ್ಟೇ. ಯಾವ ಯಾವ ಊರಿನಲ್ಲಿ ಎಷ್ಟು ಹೊತ್ತು ಆರಿತ್ತು ಅಂತ ಇಂಥ ವರದಿ ಕೂಡಿಸುವ ಸಂಘಕ್ಕೆ ಬರೆದು ಕಳಿಸಿದರೆ ಆ ದೂರದ ಕಲ್ಲಿನ ಆಕಾರ ಕೈಗೆ ಸಿಗುತ್ತದೆ. ನೆರಳು ಅಜ್ಜಂಪುರದ ಮೇಲೆ ಹೋಗುತ್ತದೆ ಅಂತ ಲೆಕ್ಕ. ಲೆಕ್ಕ ಅತ್ತಿತ್ತ ಸರಿದರೆ ಇರಲಿ ಅಂತ ಕಡೂರಿನಲ್ಲಿ ಅವರ ಹಳೆಯ ಶಿಷ್ಯರು, ತರೀಕೆರೆಯಲ್ಲಿ ನಾವು. ಮದುವೆಗೆ ಬೀಗರ ಜತೆಗೆ ಪಕ್ಕದ ಮನೆಯವರನ್ನೂ ಕರೆಯುತ್ತಾರಲ್ಲ, ಹಾಗೆ.

ಕೆಲಸ ಮಾಡುವ ರೀತಿ ಹೀಗೆ. ಒಂದು ಫೋನು ಸೆಕೆಂಡಿಗೊಮ್ಮೆ ಟಿಕ್ ಅನ್ನುತ್ತಿರಬೇಕು. ಇನ್ನೊಂದು ಫೋನು ಅದನ್ನೂ ನಮ್ಮ ದನಿಯನ್ನೂ ರೆಕಾರ್ಡ್ ಮಾಡುತ್ತಿರಬೇಕು. ಕಣ್ಣು ನಕ್ಷತ್ರ ಬಿಟ್ಟು ಕದಲಬಾರದು. ಅದು ಆರಿದ ಕೂಡಲೇ 'ಹೋಯ್ತು', ಹತ್ತಿದ ಕೂಡಲೇ 'ಬಂತು' ಅನ್ನಬೇಕು. ಬೇರೆ ಮಾತು ಬೇಡ. ದನಿಯೇ ಸಾಕ್ಷಿ. ಇದನ್ನು ಹೇಳುವಾಗ ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. ಅಭ್ಯಾಸಕ್ಕೆ ಕೂತಾಗ ನಾನು ನಾಲಿಗೆಯಲ್ಲಿ ಎರಡು ಟಿಕ್ ಹೆಚ್ಚಿಗೆ ಹಾಕಿ ಗೆಳೆಯನ ಎಣಿಕೆ ತಪ್ಪಿಸಿದ್ದೆ. ಮೇಷ್ಟ್ರ ಹೆಂಡತಿ ನಕ್ಕಿದ್ದರು. ಮೇಷ್ಟ್ರು ನಕ್ಕಿರಲಿಲ್ಲ.

ಆ ಸಂಜೆ ಗೆಳೆಯನ ಮನೆಯ ತಾರಸಿ ಹತ್ತಿದೆವು. ಬಸ್ ಸ್ಟ್ಯಾಂಡಿನ ದೀಪದ ಕಂಬ ಸೀದಾ ಕಣ್ಣಿಗೆ ಹೊಡೆಯುತ್ತಿತ್ತು. ಅವನ ಅಮ್ಮಿಯಿಂದ ಒಂದು ಹಳೆಯ ಚಾದರ ಬೇಡಿ ತಂದು ಬಟ್ಟೆ ಒಣಹಾಕುವ ತಂತಿಗೆ ಇಳಿಬಿಟ್ಟೆವು. ಪಕ್ಕದ ಮನೆಯ ಅಜ್ಜಿ ತಲೆ ಎತ್ತಿ, ಗ್ರಹಣವೇ, ಊಟ ಮಾಡಬಹುದೇ ಅಂತ ಕೇಳಿತು. ಧಾರಾಳವಾಗಿ ಮಾಡಿ ಅಂದೆ. ನನ್ನ ದನಿಯಲ್ಲೇ ಅಂದೆ. ಅಜ್ಜಿ ನಂಬಲಿಲ್ಲ, ಉಪವಾಸವಿತ್ತು ಅಂತ ಆಮೇಲೆ ಗೊತ್ತಾಯಿತು.

ನಾನು ಮೇಷ್ಟ್ರು ಕೊಟ್ಟ ಪುಟ್ಟ ದೂರದರ್ಶಕಕ್ಕೆ ಕಣ್ಣು ಹಚ್ಚಿದೆ. ಗೆಳೆಯ ದುರ್ಬೀನನ್ನು ಪ್ಯಾರಪೆಟ್ ಗೋಡೆಯ ಮೇಲೆ ದಿಂಬು ಇಟ್ಟು ನಿಲ್ಲಿಸಿಕೊಂಡ. ಕೆಳಗೆ ಶಿವಮೊಗ್ಗದ ಬಸ್ಸು ಹಾರನ್ ಹೊಡೆಯಿತು. ಟಿಕ್, ಟಿಕ್. ನಕ್ಷತ್ರ ಇತ್ತು, ಇತ್ತು, ಇತ್ತು. ಆಮೇಲೆ ಇರಲಿಲ್ಲ.

ಯಾರೋ ಸ್ವಿಚ್ ಒತ್ತಿದ ಹಾಗೆ. ಮಂಕಾಗಲಿಲ್ಲ, ನಡುಗಲಿಲ್ಲ, ಇಲ್ಲವೇ ಇಲ್ಲ. ನಾನು 'ಹೋಯ್ತು' ಅಂದೆ. ಬೆನ್ನ ಹಿಂದಿನಿಂದ ಗೆಳೆಯ 'ಗಯಾ ರೇ, ಗಯಾ' ಅಂದ. ಮತ್ತೆ ಹತ್ತಿತು. 'ಬಂತು' ಅಂದೆ. ಜೀವಮಾನದಲ್ಲಿ ಮೊದಲ ಸಲ ನಾನು ಚಪ್ಪಾಳೆಗೆ ಕಾಯಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದೆ. ಅವರು ಅಜ್ಜಂಪುರದಲ್ಲಿದ್ದರು. ಅಲ್ಲಿ ಆಕಾಶ ತಿಳಿಯಾಗಿತ್ತು, ನಕ್ಷತ್ರ ಅಲ್ಲಾಡಿರಲಿಲ್ಲ. ಕಡೂರಿನಲ್ಲಿ ಮೋಡ. ಅಂದರೆ ಲೆಕ್ಕ ತಪ್ಪಿ, ನೆರಳು ಪಕ್ಕಕ್ಕೆ ಸರಿದು, ನಮ್ಮ ಚಾದರದ ತಾರಸಿಯ ಮೇಲೆ ಹಾದುಹೋಗಿತ್ತು. ಇಡೀ ಕಲ್ಲಿಗೆ ನಾವಿಬ್ಬರೇ ಸಾಕ್ಷಿ. ನಾನು ಹೇಳುತ್ತಲೇ ಹೋದೆ. ಕೊನೆಗೆ, ಭಾನುವಾರ ರೆಕಾರ್ಡಿಂಗ್ ತಗೊಂಡು ಮನೆಗೆ ಬಾ ಅಂದರು.

ಭಾನುವಾರ ಮೇಷ್ಟ್ರು ಅದನ್ನು ಮತ್ತೆ ಮತ್ತೆ ಕೇಳಿದರು. ಟಿಕ್ ಕೇಳಿದರು, ಬಸ್ಸಿನ ಹಾರನ್ ಕೇಳಿದರು. ಇದರಲ್ಲಿ ಯಾವುದನ್ನು ನೀನು ಮಾಡಲಾರೆ ಹೇಳು ಅಂತ ಕೇಳಿದರು. ನಾನು ಯೋಚಿಸಿ ನೋಡಿದೆ. ಎಲ್ಲವನ್ನೂ ಮಾಡಬಲ್ಲೆ. ಗೆಳೆಯನ 'ಗಯಾ' ಇದೆಯಲ್ಲ ಸರ್, ಅವನೂ ನೋಡಿದ್ದಾನೆ ಅಂದೆ.

"ಅದೂ ನೀನೇ ಅಂದಿಲ್ಲ ಅಂತ ಏನಪ್ಪಾ ಗ್ಯಾರಂಟಿ?"

ಪಕ್ಕದಲ್ಲೇ ಗೆಳೆಯ ಕೂತಿದ್ದ. ಸರಿ, ನೀನೇ ಹೇಳು ನೋಡೋಣ, ಅವತ್ತು ಅಂದ ಹಾಗೇ ಅನ್ನು ಅಂದರು ಮೇಷ್ಟ್ರು. ನನ್ನ ಗೆಳೆಯ ಎದ್ದು ನಿಂತ. ಅಂಗಿ ಎಳೆದುಕೊಂಡ. ಕೈ ಕಟ್ಟಿಕೊಂಡು, ಶಾಲೆಯಲ್ಲಿ ಪ್ರತಿಜ್ಞೆ ಹೇಳುವವನಂತೆ, "ಗಯಾ. ರೇ. ಗಯಾ" ಅಂದ. ಮೂರು ಮಾತು, ಮೂರೂ ಬೇರೆ ಬೇರೆ ಊರಿನವು. ಇನ್ನೊಮ್ಮೆ ಅನ್ನಿಸಿದರು. ಎರಡನೆಯ ಸಲ ಕೊನೆಗೆ 'ಸರ್' ಕೂಡ ಸೇರಿಸಿದ. ಲೇ, ನಿನ್ನ ಥರ ಹೇಳೋ ಅಂತ ನಾನು ಹಲ್ಲು ಕಡಿದೆ. ಹೇಗೆ ಅಂತ ಕೇಳಿದ. ಹೀಗೆ ಅಂತ ಹೇಳಿ ತೋರಿಸಿಬಿಟ್ಟೆ.

ರೆಕಾರ್ಡಿಂಗಿನಲ್ಲಿ ಇದ್ದ ಹಾಗೇ ಬಂತು. ಕೂದಲೆಳೆಯ ವ್ಯತ್ಯಾಸ ಇಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರು ಮಾಡಿದರು. ನನಗೆ ನನ್ನ ನಾಲಿಗೆಯನ್ನು ಅಲ್ಲೇ ಕಿತ್ತು ಅವರ ಟೀಪಾಯಿಯ ಮೇಲೆ ಇಡಬೇಕು ಅನ್ನಿಸಿತು. ಬಸ್ಸಿನಲ್ಲಿ ಅಷ್ಟು ಜೋರು ಮಾಡುವ ಗೆಳೆಯ ಮೇಷ್ಟ್ರ ಮುಂದೆ ತನ್ನ ಹಾಗೇ ಮಾತಾಡಲಾರ. ಅವನ ಹಾಗೆ ಮಾತಾಡಬಲ್ಲವನು ನಾನೊಬ್ಬನೇ. ಅದೇ ನನಗೆ ಮುಳುವಾಯಿತು.

ಕೊನೆಗೆ ಮೇಷ್ಟ್ರೇ ಒಂದು ದಾರಿ ತೋರಿಸಿದರು. ರೆಕಾರ್ಡಿಂಗ್ ಪಕ್ಕಕ್ಕಿಡು, ನಾಟಕ ಬೇಡ, ಕಂಡದ್ದನ್ನು ಮೊದಲಿಂದ ನಿಧಾನವಾಗಿ ಹೇಳು ಅಂದರು. ನಾನು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನಕ್ಷತ್ರ ಎಲ್ಲಿತ್ತು, ಹೇಗೆ ಒಂದೇ ಏಟಿಗೆ ಆರಿತು, ಕಣ್ಣು ಪಿಳುಕಿಸಿದರೆ ಸುತ್ತಲಿನ ನಕ್ಷತ್ರಗಳೂ ಹೋಗಬೇಕಿತ್ತು, ಅವು ಇದ್ದವು, ಎಲ್ಲವನ್ನೂ ಹೇಳಿದೆ. ಅಷ್ಟು ಪ್ರಾಮಾಣಿಕವಾಗಿ ನಾನು ನಮ್ಮಪ್ಪನ ಹತ್ತಿರವೂ ಮಾತಾಡಿಲ್ಲ. ಮುಗಿಸುವಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ಥೇಟ್ ನಿಮ್ಮ ಥರಾನೇ ಹೇಳ್ತಾನೆ ಕಣ್ರೀ. ಆ ಗಂಟಲು ಸರಿ ಮಾಡ್ಕೊಳೋದೂ ಬಿಡ್ಲಿಲ್ಲ."

ದೇವರಾಣೆಗೂ ನಾನು ಬೇಕಂತ ಮಾಡಿರಲಿಲ್ಲ. ನಕ್ಷತ್ರದ ಮಾತನ್ನು ನಾನು ಕಲಿತದ್ದೇ ಆ ಮನುಷ್ಯನಿಂದ. ಆ ವಿಷಯ ಬಾಯಿಗೆ ಬಂದರೆ ಅವರ ದನಿಯಲ್ಲೇ ಬರುತ್ತದೆ, ನಾನೇನು ಮಾಡಲಿ? ಇದನ್ನು ವಿವರಿಸಲು ಹೋದೆ. 'ಏನಾಗ್ತದಪ್ಪಾ ಅಂದ್ರೆ' ಅಂತಲೇ ಶುರುವಾಯಿತು. ಗೆಳೆಯ ತಲೆ ಬಗ್ಗಿಸಿ ನಗು ನುಂಗುತ್ತಿದ್ದ. ಸಾಕ್ಷಿ ಹೇಳುವಾಗ ಮರಗಟ್ಟಿದ್ದ ಅವನ ಮೈ ಈಗ ಚೆನ್ನಾಗಿ ಕುಲುಕುತ್ತಿತ್ತು.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ವಾಸಿಯಿತ್ತು. ನಾನು ನಂಬ್ತೀನಿ, ಆದರೆ ನನ್ನ ನಂಬಿಕೆ ಲೆಕ್ಕಕ್ಕೆ ಬರುವುದಿಲ್ಲ ಅಂದರು. ಒಂದೇ ಊರಿನ ಒಂದೇ ದನಿ, ಲೆಕ್ಕ ಹೇಳಿದ ಊರಿನಲ್ಲಿ ಏನೂ ಕಂಡಿಲ್ಲ. ಸಂಘಕ್ಕೆ ಕಳಿಸಿ ನಗೆಪಾಟಲಾಗುವುದಕ್ಕಿಂತ ಬಿಟ್ಟುಬಿಡೋಣ, ಮುಂದಿನ ಸಲ ಕ್ಯಾಮೆರಾ ಇಟ್ಟುಕೊಳ್ಳೋಣ, ಆಗ ಯಾರೂ ಬಾಯಿ ತೆರೆಯುವ ಅಗತ್ಯವೇ ಇಲ್ಲ ಅಂದರು. ಆ ಕೊನೆಯ ಮಾತಿಗೆ ನನ್ನ ಮೈ ಉರಿದುಹೋಯಿತು. ಮುಂದಿನ ಸಲ ಬೇರೆ ನಕ್ಷತ್ರ, ಬೇರೆ ಕಲ್ಲು. ನನ್ನ ಕಲ್ಲು ಹಾದುಹೋದದ್ದು ಅವತ್ತು, ನಮ್ಮ ತಲೆ ಮೇಲೆ.

"ಹಾಕಿ ಸರ್," ಅಂದೆ. "ಅನುಮಾನ ಅಂತಾನೇ ಹಾಕಿ. ಆದ್ರೆ ತರೀಕೆರೆ ಅಂತ ಹಾಕಿ. ಬಿಡ್ಬೇಡಿ."

ಅದು ಯಾರ ದನಿ ಅಂತ ಅವರು ಕೇಳಲಿಲ್ಲ. ಎದ್ದು ಕಂಪ್ಯೂಟರ್ ಹತ್ತಿರ ಹೋಗಿ ಕೂತರು.

ಕೆಲವು ವಾರಗಳ ಮೇಲೆ ಸಂಘದಿಂದ ಎಲ್ಲ ಊರುಗಳ ವರದಿ ಸೇರಿಸಿದ ಚಿತ್ರ ಬಂತು. ಕಲ್ಲಿನ ಆಕಾರ ಬರೆಯುವಷ್ಟು ಸಾಕ್ಷಿ ಸಿಕ್ಕಿಲ್ಲ ಅಂತ ಅಡಿಯಲ್ಲಿ ಬರೆದಿದ್ದರು. ಅಜ್ಜಂಪುರಕ್ಕೆ ಒಂದು ತುಂಬು ಗೆರೆ, ಏನೂ ಕಾಣದೆ ಇದ್ದದ್ದಕ್ಕೆ. ತರೀಕೆರೆಗೆ ಅನುಮಾನದ ತುಂಡು ತುಂಡು ಗೆರೆ, ಕಂಡದ್ದಕ್ಕೆ. ಗೆಳೆಯ ಅದನ್ನು ಪ್ರಿಂಟ್ ತೆಗೆದು ಅಂಗಡಿಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರಗಳ ಬೋರ್ಡಿನ ಪಕ್ಕ ಅಂಟಿಸಿದ್ದಾನೆ. ಬಂದವರು ಏನದು ಅಂತ ಕೇಳಿದರೆ ನನ್ನ ಕಡೆ ಕೈ ತೋರಿಸುತ್ತಾನೆ. ನಾನು ಹೇಳುತ್ತೇನೆ. ಅವರು ಇನ್ನೇನು ನಗು ಬರುತ್ತದೆ ಅಂತ ಕೊನೆಯವರೆಗೂ ಕಾಯುತ್ತಾರೆ.